ಅತ್ತೆ ಸಾಕಿದ ರೋಗಾಣುಗಳು

ನನ್ನ ಸೋದರತ್ತೆ ನಮ್ಮನ್ನೆಲ್ಲ ಏಕವಚನದಲ್ಲಿ ಕರೆಯುತ್ತಾರೆ, ಬ್ಯಾಕ್ಟೀರಿಯಾಗಳನ್ನು ಮಾತ್ರ ಬಹುವಚನದಲ್ಲಿ. ಉತ್ಪ್ರೇಕ್ಷೆ ಅನಿಸಿದರೆ ಒಂದು ಭಾನುವಾರ ಮುಂಬೈ ಪಕ್ಕದ ಡೊಂಬಿವಲಿಗೆ ಬಂದು ಅವರ ಕೈಯ ಚಹಾ ಕುಡಿದು ಹೋಗಿ. "ನಿನ್ನೆ ಐಸಿಯುವಿಂದ ಒಬ್ರು ಬಂದಿದ್ದಾರೆ. ಭಾರೀ ಗಟ್ಟಿಗರು. ಏಳು ಔಷಧಿ ಹಾಕಿ ನೋಡಿದೆ, ಜಗ್ಗಲಿಲ್ಲ" ಎಂದು ಅವರು ಹೇಳುವಾಗ ದನಿಯಲ್ಲಿ ಎಷ್ಟು ಗೌರವವಿರುತ್ತದೆಂದರೆ, ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಯಾರೋ ದೊಡ್ಡ ಮನುಷ್ಯರಿಗೆ ಹುಷಾರಿಲ್ಲವೆಂದುಕೊಂಡು, "ಪಾಪ, ಅವರ ಮನೆಯವರಿಗೆ ಎಷ್ಟು ಕಷ್ಟ" ಎಂದು ಮರುಗಿದ್ದಳು.

"ಅವರ ಮನೆಯವರಿಗೆ ಎಂತ ಕಷ್ಟವೂ ಇಲ್ಲ" ಎಂದರು ಅತ್ತೆ. "ಬೆಳಿಗ್ಗೆ ಒಬ್ರೇ ಇದ್ದದ್ದು. ಸಂಜೆಗೆ ತಟ್ಟೆ ತುಂಬ ಆಗಿದ್ದಾರೆ."

ಅತ್ತೆ ನನ್ನ ಅಪ್ಪನ ತಂಗಿ. ಉಡುಪಿ ಕಡೆಯಿಂದ ಹೋಟೆಲು ನಡೆಸಲು ಬಂದ ಮನೆತನದಲ್ಲಿ ಹುಟ್ಟಿ, ಇಡ್ಲಿ ಹಿಟ್ಟು ಮಳೆಗಾಲದಲ್ಲಿ ಯಾಕೆ ತಡವಾಗಿ ಉಬ್ಬುತ್ತದೆ ಎಂಬ ಒಂದೇ ಪ್ರಶ್ನೆಯ ಬಾಲ ಹಿಡಿದುಕೊಂಡು ಮೈಕ್ರೊಬಯಾಲಜಿಯಲ್ಲಿ ಎಂ.ಎಸ್ಸಿ.ವರೆಗೆ ಹೋದವರು. ಠಾಣೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷಗಳಿಂದ ಇದ್ದಾರೆ. ರೋಗಿಗಳ ರಕ್ತ, ಕೀವು, ಕಫಗಳಲ್ಲಿ ಅಡಗಿರುವವರನ್ನು ಮುಚ್ಚಳವಿರುವ ಚಪ್ಪಟೆ ತಟ್ಟೆಗಳಲ್ಲಿ ಊಟ ಹಾಕಿ ಬೆಳೆಸಿ, ಯಾವ ಆ್ಯಂಟಿಬಯಾಟಿಕ್‌ಗೆ ಸಾಯುತ್ತಾರೆ ಎಂದು ನೋಡಿ ಡಾಕ್ಟರಿಗೆ ಬರೆದು ಕಳಿಸುವುದು ಅವರ ಕೆಲಸ. ಸಾಯಿಸಲಿಕ್ಕೆಂದೇ ಸಾಕುವ ಈ ಕೆಲಸವನ್ನು ಅವರಷ್ಟು ಮಮತೆಯಿಂದ ಮಾಡುವವರನ್ನು ನಾನು ಕಂಡಿಲ್ಲ. ಅವರು ಮದುವೆಯಾಗಲಿಲ್ಲ. ನೋಡಲು ಬಂದ ಗಂಡು ಮಾತಿನ ಮಧ್ಯೆ ಉಗುರು ಕಚ್ಚಿದನಂತೆ, ಅಲ್ಲಿಗೆ ಮುಗಿಯಿತಂತೆ. ಇದನ್ನು ಅಪ್ಪ ಹೇಳಿದ್ದೋ ನಾನೇ ಕಟ್ಟಿಕೊಂಡದ್ದೋ ಈಗ ಖಚಿತವಿಲ್ಲ.

ಖಚಿತವಿಲ್ಲ ಎಂಬ ಮಾತು ಈ ಬರಹದಲ್ಲಿ ಇನ್ನೂ ಕೆಲವು ಸಲ ಬರುತ್ತದೆ, ಕ್ಷಮಿಸಬೇಕು. ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ರಬಾಳೆಯ ಬಣ್ಣದ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವವನು. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಈಚೆಗೆ ಆ ಅನುಮಾನ ನನ್ನ ಮೇಲೆಯೇ ತಿರುಗಿದೆ. ಬಾಗಿಲಿಗೆ ಬೀಗ ಹಾಕಿದ್ದು ಕಣ್ಣಿಗೆ ಕಟ್ಟಿದಂತೆ ನೆನಪಿರುತ್ತದೆ. ಆದರೆ ಆ ನೆನಪು ಇವತ್ತಿನದೋ, ನಿನ್ನೆಯದೋ? ಸ್ಟೇಷನ್ನಿನ ಸೇತುವೆ ಹತ್ತಿದವನು ಇಳಿದು ಮನೆಗೆ ಮರಳಿ ಬೀಗ ಜಗ್ಗಿ ನೋಡಿದ್ದು ಎಷ್ಟು ಸಲವೋ. ಬೀಗ ಯಾವಾಗಲೂ ಹಾಕಿಯೇ ಇರುತ್ತದೆ. ಅದರಿಂದ ಧೈರ್ಯವೇನೂ ಬಂದಿಲ್ಲ.

ಅತ್ತೆಯ ಮನೆ ನಮ್ಮ ಕಟ್ಟಡದ ಎದುರಿನ ಕಟ್ಟಡದಲ್ಲಿ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಸ್ಟೇಷನ್ನಿಗೆ ನಡೆಯುತ್ತೇವೆ. ದಾರಿಯುದ್ದಕ್ಕೂ ಪಾಠ. ಒಂದು ದಿನದ ಪಾಠ, ಕೆಲವು ಬ್ಯಾಕ್ಟೀರಿಯಾಗಳು ಔಷಧಿಯನ್ನು ಹೇಗೆ ಹೊರಗೆ ಹಾಕುತ್ತವೆ ಎಂಬುದು. ಅವುಗಳ ಮೈಗೋಡೆಯಲ್ಲಿ ಪಂಪುಗಳಿರುತ್ತವಂತೆ. ಔಷಧಿ ಒಳಗೆ ಕಾಲಿಟ್ಟ ಕೂಡಲೇ ಹಿಡಿದು ಹೊರಗೆ ದಬ್ಬುತ್ತವಂತೆ. ಎಲ್ಲರಲ್ಲೂ ಸಾಧಾರಣ ಒಂದೆರಡು ಪಂಪು. ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೆ ಪಂಪುಗಳಿಗೆ ಲಂಗುಲಗಾಮು ತಪ್ಪಿ ಮೈತುಂಬ ಪಂಪೇ ಪಂಪು. ನಾನು ನಂಬಲಿಲ್ಲ. ಅಷ್ಟು ಸಣ್ಣ ಜೀವಿಯಲ್ಲಿ ಅಷ್ಟೊಂದು ಪಂಪು ಹಿಡಿಸುವುದಾದರೂ ಎಲ್ಲಿ ಎಂದು ವಾದಿಸುತ್ತಿರುವಾಗಲೇ ಗಾಡಿ ಬಂತು. ಅತ್ತೆ ಹೆಂಗಸರ ಡಬ್ಬಿಯತ್ತ ಹೋದರು. ಇತ್ತ ಒಬ್ಬ ಮನುಷ್ಯ ಕಂಬಿ ಹಿಡಿದು ಬಾಗಿಲಿಗೆ ಒಂದು ಕಾಲಿಟ್ಟ. ಹಿಂದಿನ ಸ್ಟೇಷನ್ ಕಲ್ಯಾಣದಲ್ಲೇ ಹತ್ತಿ ಬಾಗಿಲಲ್ಲಿ ನಿಂತ ನಾಲ್ವರು ಅವನ ಮುಖವನ್ನೂ ನೋಡದೆ, ಮಾತನ್ನೂ ನಿಲ್ಲಿಸದೆ, ಎದೆಯಿಂದಲೇ ಅವನನ್ನು ಮೆತ್ತಗೆ ಪ್ಲಾಟ್‌ಫಾರ್ಮಿಗೆ ಮರಳಿಸಿದರು. ಗಾಡಿ ಹೊರಟಿತು. ಹೆಂಗಸರ ಡಬ್ಬಿಯ ಬಾಗಿಲಿನಿಂದ ಅತ್ತೆ ಕೂಗಿದರು. "ನೋಡಿದ್ಯಾ? ಅದೇ ಪಂಪು!"

ಹೇಗೆ ನೋಡದಿರಲಿ? ಆ ಮನುಷ್ಯ ನಾನೇ. ಅವರ ಕೈಕೆಳಗೆ ಕಲಿಯಲು ಬರುವವರಿಗೆಲ್ಲ ಈಗ ಪಂಪಿನ ಪಾಠದಲ್ಲಿ ಔಷಧಿಯ ಪಾತ್ರ ನನ್ನದು.

"ಅಂದರೆ ಬ್ಯಾಕ್ಟೀರಿಯಾಗಳು ಔಷಧಿ ಕಂಡು ಬುದ್ಧಿ ಕಲಿಯುತ್ತವೆ" ಎಂದು ಸಂಜೆ ಅವರ ಮನೆಯಲ್ಲಿ ಕೂತು ಕೇಳಿದೆ.

"ಯಾರು ಕಲಿತದ್ದು ಮಾರಾಯ? ಅವರಿಗೆ ಬುದ್ಧಿ ಎಲ್ಲುಂಟು? ನಮ್ಮ ಮಿಡಿ ಉಪ್ಪಿನಕಾಯಿಯ ಕತೆ ಮರ್ತುಹೋಯ್ತಾ ನಿಂಗೆ?"

ಮರೆತಿರಲಿಲ್ಲ. ಮರೆತಿದ್ದೆನೋ, ಅವರು ಹೇಳಿದ ಮೇಲೆ ನೆನಪು ಹುಟ್ಟಿತೋ. ಅತ್ತೆ ಬರೆದಿಟ್ಟ ಉಪ್ಪಿನಕಾಯಿಯ ವಿಧಾನವನ್ನು ಒಂದು ವರ್ಷ ಎರಡೂ ಕಟ್ಟಡಗಳ ಹೆಂಗಸರು ನಕಲು ಮಾಡಿಕೊಂಡರು. ಎರಡನೇ ಮಹಡಿಯ ಒಬ್ಬಾಕೆ ಟಿವಿ ನೋಡುತ್ತ ಬರೆದು ಉಪ್ಪನ್ನು ಎರಡು ಪಟ್ಟು ಮಾಡಿಕೊಂಡರು. ಎಲ್ಲರೂ ನಕ್ಕರು. ಆ ವರ್ಷ ಹಿಡಿದ ಮಳೆ ಬಿಡಲಿಲ್ಲ, ಗೋಡೆಯಲ್ಲಿ ನೀರು ಒಸರಿ ಎಲ್ಲರ ಭರಣಿಗಳಲ್ಲೂ ಬೂಸ್ಟು ಬಂತು. ಉಳಿದದ್ದು ಆಕೆಯದೊಂದೇ. ಮರುವರ್ಷ ಎಲ್ಲರೂ ಆಕೆಯಿಂದಲೇ ನಕಲು ಮಾಡಿಕೊಂಡರು, ತಪ್ಪಿನ ಸಮೇತ. ಈಗ ನಮ್ಮ ಎರಡು ಕಟ್ಟಡಗಳಲ್ಲಿ ಹುಡುಕಿದರೂ ಹದವಾದ ಉಪ್ಪಿನಕಾಯಿ ಸಿಗುವುದಿಲ್ಲ.

"ಅವಳಿಗೆ ಮಳೆ ಹೀಗೆ ಹಿಡೀತದೆ ಅಂತ ಗೊತ್ತಿತ್ತಾ? ಇಲ್ಲ. ತಪ್ಪು ಮೊದಲು, ಮಳೆ ಆಮೇಲೆ" ಎಂದರು ಅತ್ತೆ. "ಇವರೂ ಹಾಗೇ. ಮರಿ ಹಾಕುವಾಗ ಒಂದೊಂದು ಸಲ ನಕಲು ತಪ್ತದೆ. ಹೆಚ್ಚಿನವರು ಸಾಯ್ತಾರೆ. ನಮ್ಮ ಔಷಧಿಯೇ ಆ ಮಳೆ. ಮಳೆ ಬಂದ ಮೇಲೆ ಯಾರ ತಪ್ಪು ಉಪಯೋಗಕ್ಕೆ ಬಂತೋ ಅವರೇ ಯಜಮಾನರು."

ಈ ಮಾತು ನನ್ನನ್ನು ಬೇರೆ ರೀತಿಯಲ್ಲಿ ಕಾಡಿತು. ನೆನಪೂ ಒಂದು ನಕಲೇ ಅಲ್ಲವೇ? ಪ್ರತಿ ಸಲ ನೆನೆದಾಗಲೂ ಹೊಸದಾಗಿ ಬರೆದುಕೊಳ್ಳುತ್ತೇವೆ, ಟಿವಿ ನೋಡುತ್ತ. ನನ್ನ ತಲೆಯಲ್ಲಿ ಉಳಿದವು ನಡೆದ ಸಂಗತಿಗಳೋ, ಉಳಿಯಬಲ್ಲ ತಪ್ಪುಗಳೋ? ಅತ್ತೆಯನ್ನು ಕೇಳಿದೆ. "ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ. ಲೋಟ ತೊಳೆದಿಡು" ಎಂದರು.

ಅತ್ತೆಯ ಲೋಕದಲ್ಲಿ ಅತಿದೊಡ್ಡ ಪಾಪವೆಂದರೆ ಅರ್ಧಕ್ಕೆ ನಿಲ್ಲಿಸಿದ ಔಷಧಿ. ನಮ್ಮ ಕಡೆ ಪ್ರತಿಯೊಂದು ಮನೆಯಲ್ಲೂ ಫ್ರಿಜ್ಜಿನ ಮೇಲೊಂದು ಬಿಸ್ಕತ್ತಿನ ಡಬ್ಬಿ, ಅದರಲ್ಲಿ ಕಳೆದ ಸಲ ಉಳಿದ ಮಾತ್ರೆಗಳ ಪಟ್ಟಿಗಳು. ಮೂರನೇ ದಿನಕ್ಕೆ ಜ್ವರ ಬಿಟ್ಟಿತೆಂದರೆ ಉಳಿದ ಮಾತ್ರೆ ಡಬ್ಬಿಗೆ. ಕರಿಬೇವು ಕೇಳಿದಷ್ಟೇ ಸಲೀಸಾಗಿ ಅಕ್ಕಪಕ್ಕದವರು ಕೇಳುತ್ತಾರೆ, ನಾವೂ ಅಷ್ಟೇ ಧಾರಾಳವಾಗಿ ಎರಡು ಕತ್ತರಿಸಿ ಕೊಡುತ್ತೇವೆ. "ಅರ್ಧ ಔಷಧಿ ಅಂದ್ರೆ ತುಂತುರು ಮಳೆ. ಪಾಪದವರು ಸಾಯ್ತಾರೆ, ಗಟ್ಟಿಗರು ಸ್ನಾನ ಮಾಡಿ ಹೊರಡ್ತಾರೆ" ಎಂದು ಅತ್ತೆ ಎಷ್ಟು ಹೇಳಿದರೂ ಡಬ್ಬಿಗಳು ಖಾಲಿಯಾಗಲಿಲ್ಲ.

ಕೊನೆಗೆ ಸಂಕ್ರಾಂತಿಯ ಹಳದಿ-ಕುಂಕುಮ ಬಂತು. ಇಲ್ಲಿ ಆ ದಿನಗಳಲ್ಲಿ ಹೆಂಗಸರು ಮನೆಮನೆಗೆ ಹೋಗಿ ಎಳ್ಳುಂಡೆ ತಿಂದು, ಕುಂಕುಮ ಹಚ್ಚಿಸಿಕೊಂಡು, ಏನಾದರೊಂದು ಸಣ್ಣ ಉಡುಗೊರೆ ತರುತ್ತಾರೆ. ಹೀಗೆ ಬಂದ ಪ್ಲಾಸ್ಟಿಕ್ ಡಬ್ಬಿಗಳಿಂದಲೇ ನಮ್ಮ ಅಡುಗೆಮನೆ ತುಂಬಿದೆ. ಸಾಮಾನ್ಯವಾಗಿ ಕರೆಯುವವರು ಮುತ್ತೈದೆಯರು. ಅತ್ತೆಗೆ ಆ ಲೆಕ್ಕವೆಲ್ಲ ಇಲ್ಲ. ಎರಡೂ ಕಟ್ಟಡಗಳನ್ನು ತಾವೇ ಕರೆದರು. ಷರತ್ತು ಒಂದೇ. ಬರುವಾಗ ಮನೆಯಲ್ಲಿ ಉಳಿದ ಮಾತ್ರೆ ತರಬೇಕು. ತಂದವರಿಗೆ ಎಳ್ಳುಂಡೆ, ಕುಂಕುಮ, ಮೇಲೊಂದು ಸಾಬೂನು.

ಬಂದರು, ಸೆರಗಿನ ಮರೆಯಲ್ಲಿ ಮಾತ್ರೆ ಮುಚ್ಚಿಕೊಂಡು ಬಂದರು. ಅತ್ತೆ ಒಂದೊಂದನ್ನೂ ಎತ್ತಿ ಹಿಡಿದು ವಿಚಾರಿಸಿದರು.

"ಇದು ಯಾವಾಗಿನದು?"

"ಮಗನ ಗಂಟಲು ನೋವಿಂದು. ಅವನಿಗೀಗ ಮದುವೆ ಆಗಿದೆ ಕಾಕೂ."

ಆ ಸಂಜೆ ಒಂದು ಬುಟ್ಟಿ ತುಂಬಿತು. ಆಸ್ಪತ್ರೆಯಲ್ಲಿ ಕ್ರಮಪ್ರಕಾರ ನಾಶ ಮಾಡಲು ಅತ್ತೆ ಅದನ್ನು ಕಟ್ಟಿಟ್ಟರು. ಮರುದಿನ ಬೆಳಿಗ್ಗೆ ನಾಲ್ಕನೇ ಮಹಡಿಯ ಗೃಹಸ್ಥರು ಬಾಗಿಲಲ್ಲಿ ನಿಂತಿದ್ದರು. ಹೆಂಡತಿ ಸಾಬೂನಿನ ಆಸೆಗೆ ಅವರ ಬಿ.ಪಿ. ಮಾತ್ರೆಯನ್ನೂ ಕೊಟ್ಟುಬಿಟ್ಟಿದ್ದರಂತೆ. ಅತ್ತೆ ಬುಟ್ಟಿ ಕೆದಕಿ ಮಾತ್ರೆ ಮರಳಿಸಿದರು. ಸಾಬೂನು ವಾಪಸು ಕೇಳಿದರು.

ನಮ್ಮ ಮನೆಗೂ ಬಂದು ಕೇಳಿದ್ದರು. "ನಮ್ಮಲ್ಲಿ ಏನೂ ಇಲ್ಲ ಅತ್ತೆ, ನಾನು ಯಾವಾಗಲೂ ಕೋರ್ಸ್ ಮುಗಿಸುತ್ತೇನೆ" ಎಂದಿದ್ದೆ, ಎದೆ ಸೆಟೆಸಿ. ವಿಜ್ಞಾನ ಓದಿದವನ ಮನೆಯ ಡಬ್ಬಿಯನ್ನು ಅವರು ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಅತ್ತೆಗೆ ಒಬ್ಬರೇ ಆಪ್ತರು. ಡಾಕ್ಟರಲ್ಲ, ವಾರ್ಡು ಒರೆಸುವ ಒಬ್ಬ ಹೆಂಗಸು. ಅಲ್ಲಿ ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಕಲಬುರಗಿ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ತಾವೇ ಗಾರೆ ಹೊತ್ತ ಆಸ್ಪತ್ರೆಯಲ್ಲಿ ಆಮೇಲೆ ನೆಲ ಒರೆಸಲು ಸೇರಿದವರು. "ಈ ಬಿಲ್ಡಿಂಗಿನಲ್ಲಿ ರೋಗ ಹರಡದ ಹಾಗೆ ನೋಡಿಕೊಳ್ಳುವವಳು ಇವಳು. ಉಳಿದವರೆಲ್ಲ ಹರಡಿದ ಮೇಲೆ ಬರುವವರು" ಎನ್ನುತ್ತಾರೆ ಅತ್ತೆ. ಒಮ್ಮೆ ಅತ್ತೆ ಮೂಳೆಯ ಸರ್ಜನರನ್ನು ಕಾರಿಡಾರಿನಲ್ಲಿ ತಡೆದು, ಬೆರಳಿನ ಉಂಗುರ ಬಿಚ್ಚಿ ಕೈ ತೊಳೆಯಿರಿ ಎಂದರು. ಆಗಲೇ ತೊಳೆದಿದ್ದೇನೆ ಎಂದರು ಸರ್ಜನರು. ನೆಲ ಒರೆಸುತ್ತಿದ್ದ ಮಾವಶಿ ತಲೆ ಎತ್ತಲಿಲ್ಲ.

"ಇಲ್ರೀ ಅಕ್ಕೋರ. ಸಾಹೇಬ್ರು ನಳ ತಿರುವಿದ್ರು, ಫೋನ್ ಬಂತು, ಹಂಗ ಹೋದ್ರು. ನಳ ನಾನೇ ಬಂದ್ ಮಾಡೀನಿ."

ಸರ್ಜನರಿಗೆ ಕನ್ನಡ ಬಾರದು. ಆದರೆ ಅರ್ಥವಾಯಿತು. ಉಂಗುರ ಬಿಚ್ಚಿದರು.

ಅದೇ ಸರ್ಜನರು ಕಳೆದ ವರ್ಷ ನನ್ನ ಅಪ್ಪನ ಮೊಣಕಾಲಿಗೆ ಲೋಹದ ಕೀಲು ಕೂರಿಸಿದರು. ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೊಣಕಾಲು ಸವೆದು ಅಪ್ಪ ಎರಡು ವರ್ಷದಿಂದ ಕೆಳಗಿಳಿದಿರಲಿಲ್ಲ. ಬಾಲ್ಕನಿಯಲ್ಲಿ ಕೂತು ಕೆಳಗೆ ಹೋಗುವವರ ನೆತ್ತಿ ನೋಡಿ, "ಇವನಿಗೂ ಬೊಕ್ಕತಲೆ ಆಯ್ತು" ಎಂದು ವರದಿ ಮಾಡುವುದಷ್ಟೇ ಅವರ ಪ್ರಪಂಚವಾಗಿತ್ತು. ಆಪರೇಷನ್ ಆಗಿ ಹದಿನೈದು ದಿನಕ್ಕೆ ಎರಡು ಮೆಟ್ಟಿಲು ಇಳಿದು ಹತ್ತಿದರು. ಮೂರನೇ ವಾರ ಮೊಣಕಾಲು ಕೆಂಪಾಗಿ ಊದಿತು, ಜ್ವರ ಬಂತು.

ಆಸ್ಪತ್ರೆಯಲ್ಲಿ ಸೂಜಿ ಹಾಕಿ ಮೊಣಕಾಲಿನ ನೀರು ತೆಗೆದರು. ಸೂಕ್ಷ್ಮದರ್ಶಕದಲ್ಲಿ ಅತ್ತೆಗೆ ರೋಗಾಣುಗಳು ಕಂಡವು. ತಟ್ಟೆಯಲ್ಲಿ ಮಾತ್ರ ಎರಡು ದಿನವಾದರೂ ಯಾರೂ ಬೆಳೆಯಲಿಲ್ಲ. ಶತ್ರು ಯಾರೆಂದು ಗೊತ್ತಿಲ್ಲದೆ ಔಷಧಿ ಕೊಡುವುದು ಹೇಗೆ? ಲೋಹದ ಮೇಲೆ ಕೂತವರು ಸುಲಭಕ್ಕೆ ಬಿಡುವವರಲ್ಲ. ಹೀಗೇ ಆದರೆ ಕೀಲನ್ನು ಕಿತ್ತು ತೆಗೆಯಬೇಕು, ತಿಂಗಳುಗಟ್ಟಲೆ ಬಿಟ್ಟು ಇನ್ನೊಂದು ಹಾಕಲಾದೀತೋ ಇಲ್ಲವೋ, ಈ ವಯಸ್ಸಿನಲ್ಲಿ ಮಾತು ಕೊಡಲಾರೆ ಎಂದರು ಸರ್ಜನರು. ಅಂದರೆ ಅಪ್ಪನಿಗೆ ಉಳಿಯುವುದು ಬಾಲ್ಕನಿ.

ಭಾನುವಾರ ಬೆಳಿಗ್ಗೆ ಅತ್ತೆ ನಮ್ಮ ಮನೆಗೆ ಬಂದರು. ಕೈ ತೊಳೆದುಕೊಂಡರು. ಒಳಗಿನಿಂದ ಓಡಿಬಂದ ನನ್ನ ಮಗಳು, ಅವರು ಕೇಳುವ ಮೊದಲೇ, "ಧೋಯಾ ನಾ ಅಜ್ಜಿ" ಎಂದು ತೊಳೆದ ಒದ್ದೆ ಕೈ ತೋರಿಸಿದಳು. ಅತ್ತೆ ಅದನ್ನು ನೋಡಲೂ ಇಲ್ಲ. ಆಗಲೇ ನನಗೆ ಹೆದರಿಕೆಯಾದದ್ದು.

"ನೀರು ತೆಗೆಯುವ ಮೊದಲು ಅಣ್ಣನಿಗೆ ಎಂತಾದ್ರೂ ಮಾತ್ರೆ ಕೊಟ್ಟಿದ್ಯಾ?"

"ಜ್ವರದ್ದು ಮಾತ್ರ. ಬಿಳಿ ಮಾತ್ರೆ. ನನಗೆ ಚೆನ್ನಾಗಿ ನೆನಪಿದೆ."

ನಿಜವಾಗಿಯೂ ನೆನಪಿತ್ತು. ಬಿಳಿ ಮಾತ್ರೆ, ಸ್ಟೀಲ್ ಲೋಟ, ಬಿಸಿನೀರು.

ಮಂಚದಿಂದ ಅಪ್ಪ ಹೇಳಿದರು. "ಬಿಳಿ ಅಲ್ಲ ಮಾರಾಯ. ಕೆಂಪು-ಬಿಳಿ ಕ್ಯಾಪ್ಸೂಲು. ಎರಡು ದಿನ, ಬೆಳಿಗ್ಗೆ ಒಂದು, ರಾತ್ರಿ ಒಂದು. ಗಂಟಲಲ್ಲಿ ಸಿಕ್ಕಿಬಿದ್ದಿತ್ತು, ನೀನೇ ಬೆನ್ನು ತಟ್ಟಿದ್ದು."

ಅತ್ತೆ ಫ್ರಿಜ್ಜಿನ ಮೇಲಿನ ಡಬ್ಬಿ ತೆಗೆದರು. ತಳದಲ್ಲಿ ಖಾಲಿ ಪಟ್ಟಿ ಇತ್ತು. ನನ್ನ ಹಲ್ಲುನೋವಿಗೆ ಕೊಟ್ಟ ಆ್ಯಂಟಿಬಯಾಟಿಕ್, ಹಿಂದಿನ ವರ್ಷದ್ದು. ಎಂದರೆ ನಾನು ಆಗ ಕೋರ್ಸ್ ಮುಗಿಸಿರಲಿಲ್ಲ. ನಾಲ್ಕು ಉಳಿಸಿದ್ದೆ, ಆ ನಾಲ್ಕನ್ನೂ ಅಪ್ಪನಿಗೆ ನುಂಗಿಸಿದ್ದೆ. ಹಳದಿ-ಕುಂಕುಮದ ದಿನ ನಾನು ಸುಳ್ಳು ಹೇಳಿರಲಿಲ್ಲ. ನೆನಪೇ ಹೇಗೋ ತಪ್ಪಾಗಿ ನಕಲಾಗಿತ್ತು, ಮತ್ತು ನನಗೆ ಅನುಕೂಲವಾಗಿದ್ದರಿಂದ ಉಳಿದುಕೊಂಡಿತ್ತು.

ಬೈಗುಳಕ್ಕೆ ಕಾದೆ. ಅತ್ತೆ ಪಟ್ಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು. "ಊರಿನವರ ಡಬ್ಬಿಯೆಲ್ಲ ತೆಗೆಸಿದೆ" ಎಂದರು ಮೆಲ್ಲಗೆ. "ಅಣ್ಣನ ಮನೆಯದ್ದು ನಾನು ನೋಡಬೇಕಿತ್ತು."

"ನಾನೇ ಕೇಳಿದ್ದು ಕೊಡು ಅಂತ. ಅವನನ್ನು ಎಂತದೂ ಹೇಳ್ಬೇಡ" ಎಂದರು ಅಪ್ಪ. ಅಪ್ಪ ಕೇಳಿದ್ದು ನನಗೆ ನೆನಪಿಲ್ಲ. ಕೇಳಿರಲೂಬಹುದು.

ಮರುದಿನ ಅತ್ತೆ ಸರ್ಜನರ ಕೋಣೆಗೆ ಹೋದರು. ನಾನೂ ಜೊತೆಗಿದ್ದೆ. ನಾಲ್ಕು ಕ್ಯಾಪ್ಸೂಲು ಹೋಗಿದೆ, ಅದಕ್ಕೇ ತಟ್ಟೆ ಖಾಲಿ, ಹತ್ತು ದಿನ ಕೊಡಿ ಎಂದರು. ಮೂರು ದಿನ ಯಾವ ಔಷಧಿಯೂ ಇಲ್ಲದೆ ಬಿಟ್ಟು ಮತ್ತೆ ನೀರು ತೆಗೆಯಬೇಕು, ಆಮೇಲೆ ಅವರು ಬೆಳೆಯುವವರೆಗೆ ಕಾಯಬೇಕು. ಸರ್ಜನರು ಬಹಳ ಹೊತ್ತು ತಮ್ಮ ಉಂಗುರವಿಲ್ಲದ ಬೆರಳನ್ನು ಸವರಿಕೊಂಡರು. "ಹತ್ತು ದಿನ ಮ್ಯಾಡಮ್. ಮಧ್ಯೆ ಜ್ವರ ಏರಿದರೆ ಅದೇ ದಿನ ತೆಗೆಯುತ್ತೇನೆ" ಎಂದರು ಹಿಂದಿಯಲ್ಲಿ.

ಅಪ್ಪನನ್ನು ವಾರ್ಡಿನಲ್ಲಿ ಇರಿಸಿಕೊಂಡರು. ನಾನು ರಜೆ ಹಾಕಿ ಕೂತೆ, ಗಂಟೆಗೊಮ್ಮೆ ಹಣೆ ಮುಟ್ಟಿ, ಮುಟ್ಟಿದ್ದು ಹೌದೋ ಎಂದು ಮತ್ತೆ ಮುಟ್ಟಿ. "ಹಣೆ ಸವೀತದೆ, ಅದಕ್ಕೂ ಲೋಹ ಹಾಕಿಸಬೇಕಾದೀತು" ಎಂದರು ಅಪ್ಪ. ಎರಡನೇ ಸಲ ನೀರು ತೆಗೆದರು. ಒಂದು ದಿನ, ಎರಡು ದಿನ, ತಟ್ಟೆ ಖಾಲಿ. ಸಾಧಾರಣವಾಗಿ ಎರಡನೇ ದಿನಕ್ಕೆ ತಟ್ಟೆ ಕಸಕ್ಕೆ ಹೋಗುತ್ತದೆ. ಅತ್ತೆ ಹೋಗಗೊಡಲಿಲ್ಲ. ಮಾವಶಿ ಅಪ್ಪನ ಮಂಚದ ಕೆಳಗೆ ಒರೆಸುತ್ತ ನನಗೆ ಸುದ್ದಿ ಕೊಡುತ್ತಿದ್ದರು.

"ಮುಂಜಾನೆ ಬಂದ್ ಕೂಡ್ಲೆ ಆ ಬೆಚ್ಚನ ಪೆಟಿಗಿ ತಗೀತಾರ್ರಿ, ನೋಡ್ತಾರ, ಮುಚ್ಚತಾರ. ಮನಿಗೆ ಹೋಗೂ ಮುಂದ ಮತ್ತ. ಗುಡ್ಯಾಗ ನಿಂತಂಗ ನಿಂದರ್ತಾರ. ನಾನೂ ಆ ಹುಳಕ್ಕ ಕೈ ಮುಗದ್ ಬಂದೀನ್ರಿ, ಲಗೂ ಬೆಳಿಯವ್ವಾ ಅಂತ."

ಐದನೇ ದಿನ ಬೆಳೆದರು. ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು. ಅತ್ತೆ ವಾರ್ಡಿಗೆ ಬಂದು ಅಪ್ಪನಿಗೆ ವಿವರಿಸಿದರು. ಇವರು ಒಂದು ಬಗೆಯ ನಿಧಾನಸ್ಥರು. ನಕಲು ತಪ್ಪಿ, ಸರಿಯಾಗಿ ಉಣ್ಣಲೂ ಬೆಳೆಯಲೂ ಬಾರದವರು. ಆ ಕ್ಯಾಪ್ಸೂಲು ಚುರುಕಾಗಿ ಬೆಳೆಯುವವರನ್ನು ಹುಡುಕಿ ಕೊಂದಿತು, ಇವರು ಸೋಮಾರಿಗಳಾಗಿದ್ದರಿಂದ ಬದುಕಿದರು.

"ನಮ್ಮ ಹೋಟೆಲಿನ ಹಳೇ ಕ್ಯಾಷಿಯರಿನ ಹಾಗೆ" ಎಂದರು ಅಪ್ಪ. "ಅವನೂ ಹಾಗೇ ಉಳಿದದ್ದು."

ಇನ್ನು ಇವರಿಗೆ ಯಾವ ಔಷಧಿ ಎಂದು ನೋಡಬೇಕಿತ್ತು. ತಟ್ಟೆಯ ತುಂಬ ರೋಗಾಣುಗಳನ್ನು ಹರಡಿ, ಔಷಧಿ ಹೀರಿದ ಗುಂಡನೆಯ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಒಂದು ಬಯಲು ಉಳಿಯುತ್ತದೆ. ನಿಧಾನಸ್ಥರಾದ್ದರಿಂದ ಅದಕ್ಕೂ ಎರಡು ದಿನ. ಹತ್ತನೆಯ ದಿನ ಮಧ್ಯಾಹ್ನ ಅತ್ತೆ ನನ್ನನ್ನು ಲ್ಯಾಬಿನ ಬಾಗಿಲಿಗೆ ಕರೆಸಿದರು. ಕೈಗವಸು ಹಾಕಿದ ಕೈಯಲ್ಲಿ ತಟ್ಟೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಒಂದು ಬಿಲ್ಲೆಗೆ ಅವರು ಒತ್ತಿಕೊಂಡೇ ಬೆಳೆದಿದ್ದರು. ಅದು ನನ್ನ ಕ್ಯಾಪ್ಸೂಲಿನದು. ಇನ್ನೊಂದಕ್ಕೂ, ಮತ್ತೊಂದಕ್ಕೂ ಹಾಗೆಯೇ. ಅಂಚಿನ ಒಂದು ಬಿಲ್ಲೆಯ ಸುತ್ತ ಮಾತ್ರ ನಾಣ್ಯದಷ್ಟು ಅಗಲದ ಬಯಲು.

"ಇದು ಸಾಕು. ಕೀಲು ತೆಗೀಬೇಕಾಗಿಲ್ಲ, ತೊಳೆದ್ರೆ ಸಾಕು" ಎಂದರು ಅತ್ತೆ. ಅವರ ದನಿ ನಡುಗಿತೆಂದು ನನ್ನ ನೆನಪು.

ನಾನು ತಟ್ಟೆಯ ತಳವನ್ನೇ ನೋಡುತ್ತಿದ್ದೆ. ತಳದಲ್ಲಿ ಮಾರ್ಕರಿನಿಂದ ನಂಬರ್ ಬರೆಯುತ್ತಾರೆ. ನಂಬರ್ ಮಾತ್ರ. ಕಲಿಯಲು ಬಂದು ರೋಗಿಯ ಹೆಸರು ಬರೆದ ಒಬ್ಬಳನ್ನು ಅತ್ತೆ ದಿನವಿಡೀ ತಟ್ಟೆ ತೊಳೆಯಲು ನಿಲ್ಲಿಸಿದ್ದರಂತೆ. ಯಾರದೆಂದು ತಿಳಿದರೆ ಕಣ್ಣು ಬೇಕಾದದ್ದನ್ನೇ ಕಾಣುತ್ತದೆ ಎಂಬುದು ಅವರ ನಿಯಮ. ಈ ತಟ್ಟೆಯಲ್ಲೂ ನಂಬರ್ ಇತ್ತು. ಅದರ ಕೆಳಗೆ, ಆ ಲ್ಯಾಬಿನಲ್ಲಿ ಬೇರೆ ಯಾರಿಗೂ ಓದಲು ಬಾರದ ಕನ್ನಡದಲ್ಲಿ, ಪುಟ್ಟದಾಗಿ "ಅಣ್ಣ" ಎಂದು ಬರೆದಿತ್ತು.

ಕಾಲು ಉಳಿಯಿತು. ಈಗ ಅಪ್ಪ ದಿನಕ್ಕೊಮ್ಮೆ ಮೂರೂ ಮಹಡಿ ಇಳಿದು ಗೇಟಿನ ಬಳಿ ನಿಂತು, ಇಷ್ಟು ದಿನ ನೆತ್ತಿ ಮಾತ್ರ ನೋಡಿದವರ ಮುಖಗಳನ್ನು ಗುರುತು ಹಿಡಿಯುತ್ತಾರೆ. ಮೊನ್ನೆ ಸ್ಟೇಷನ್ನಿಗೆ ನಡೆಯುತ್ತ ಧೈರ್ಯ ಮಾಡಿ ಅತ್ತೆಯನ್ನು ಕೇಳಿದೆ, ಆ ತಟ್ಟೆಯ ಬರಹದ ಬಗ್ಗೆ.

"ನಾನಾ? ಹೆಸರು ಬರೆಯುದಾ? ಎಂತದೂ ಬರೆದಿಲ್ಲ. ನಿನ್ನ ನೆನಪನ್ನು ಕಟ್ಟಿಕೊಂಡು ನಾನು ಎಂತ ಮಾಡ್ಲಿ" ಎಂದು ಬಿರಬಿರನೆ ಮುಂದೆ ನಡೆದರು.

ಸಾಕ್ಷಿಯಿಲ್ಲ. ಆ ತಟ್ಟೆಯನ್ನು ಅಂದೇ ಕುದಿಹಬೆಯಲ್ಲಿ ಬೇಯಿಸಿ ನಾಶ ಮಾಡಿದ್ದಾರೆ. ನನ್ನ ನೆನಪಿನ ಯೋಗ್ಯತೆ ಈಗ ನಿಮಗೂ ಗೊತ್ತಿದೆ. ಅಕ್ಷರಗಳನ್ನು ನಾನೇ ಕಲ್ಪಿಸಿಕೊಂಡಿರಬಹುದು. ಆದರೆ ಆ ಎರಡನೇ ಅಕ್ಷರದ ಒತ್ತು ಅರ್ಧ ಅಳಿಸಿತ್ತು. ಆ ಎರಡು ದಿನ ಮತ್ತೆ ಮತ್ತೆ ತೆಗೆದು ನೋಡುವಾಗ ಹೆಬ್ಬೆರಳು ಬರುವುದು ಸರಿಯಾಗಿ ಅದೇ ಜಾಗಕ್ಕೆ.